ರಾಡಿನ ಮೇಲಿನ ಬೂದು ಲೇಪ

ಗಂಗಾವತಿಯಲ್ಲಿ ಭತ್ತದ ಕೊಯ್ಲು ಶುರುವಾದರೆ ವೆಲ್ಡಿಂಗ್ ಅಂಗಡಿಗಳಿಗೆ ಬಿಡುವಿಲ್ಲ. ಒಮ್ಮೆ ನಮ್ಮ ಟ್ರಾಲಿಯ ಕೊಕ್ಕೆಗೆ ಹಾಕಿಸಿದ ಬೆಸುಗೆ ಎಂಟೇ ದಿನಕ್ಕೆ ಬಿಟ್ಟುಕೊಂಡಿತು. 'ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ರಿ' ಎಂದರು ನೋಡಿದವರು. ಮುರಿದ ಜಾಗ ನೋಡಿದೆ. ಒಳಗೆಲ್ಲ ದೋಸೆಯ ಹಾಗೆ ತೂತು. ಅಂಗಡಿಯಲ್ಲಿ ರಾಡಿನ, ಅಂದರೆ ಬೆಸುಗೆಗೆ ಕರಗಿಸುವ ಲೇಪದ ಕಡ್ಡಿಗಳ, ಪಾಕೀಟು ಒದ್ದೆ ನೆಲದ ಮೇಲೇ ಬಿದ್ದಿತ್ತು. ದೃಷ್ಟಿಯ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಕಾರಣ ಕಣ್ಣೆದುರೇ ಇತ್ತಲ್ವಾ?

ರೇಡಿಯೋ ರಿಪೇರಿಯವರು ಸೀಸ ಹಾಕುವಾಗ ತಂತಿ ಕರಗುವುದಿಲ್ಲ. ವೆಲ್ಡಿಂಗ್‌ನಲ್ಲಿ ಎರಡೂ ತುಂಡುಗಳ ಅಂಚು ಕರಗಿ, ರಾಡಿನ ಲೋಹದ ಜೊತೆ ಒಂದಾಗಿ ಗಟ್ಟಿಯಾಗಬೇಕು. ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ರಾಡಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯೇ ಆರ್ಕ್. ಅದರ ಬಿಸಿ ಇದರ ಮೂರು ಪಟ್ಟಿಗಿಂತ ಜಾಸ್ತಿ. ತೊಂದರೆ ಕೊಡುವುದು ಗಾಳಿ. ಕರಗಿದ ಕಬ್ಬಿಣ ನೈಟ್ರೋಜನ್, ಆಕ್ಸಿಜನ್ ಎರಡನ್ನೂ ಕುಡಿಯುತ್ತದೆ. ಆರುವಾಗ ಅನಿಲ ಹೊರಬರುತ್ತದೆ, ಸೋಡಾ ಬಾಟಲಿ ಬಿಚ್ಚಿದ ಹಾಗೆ. ಅಷ್ಟರಲ್ಲಿ ಲೋಹ ಹೆಪ್ಪುಗಟ್ಟಿದರೆ ಗುಳ್ಳೆ ಒಳಗೇ ಉಳಿಯುತ್ತದೆ.

ರಷ್ಯಾದ ಬೆನಾರ್ಡೋಸ್ 1880ರ ದಶಕದಲ್ಲೇ ಕಾರ್ಬನ್ ಕಡ್ಡಿಯಿಂದ ಆರ್ಕ್ ಹೊತ್ತಿಸಿ ಲೋಹ ಬೆಸೆದಿದ್ದ. ಆಮೇಲೆ ಬಂದ ಬರೀ ಲೋಹದ ಕಡ್ಡಿಯ ಬೆಸುಗೆ ಪೆಡಸಾಗಿ ಸೀಳುತ್ತಿತ್ತು. 1900ರ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬೆರ್ಗ್ ಕಡ್ಡಿಗೆ ಲೇಪ ಹಚ್ಚಿದ. ನನಗೆ ಇಡೀ ವೆಲ್ಡಿಂಗ್‌ನಲ್ಲಿ ಇದೇ ದೊಡ್ಡ ಉಪಾಯ. ಲೇಪ ಸುಟ್ಟು ಹೊಗೆಯಾಗಿ ಕರಗಿದ ಲೋಹದ ಮಡುವಿನ ಸುತ್ತ ನಿಲ್ಲುತ್ತದೆ, ಗಾಳಿಯಲ್ಲಿ ದೀಪಕ್ಕೆ ಅಂಗೈ ಮರೆ ಹಿಡಿದಂತೆ. ಉಳಿದದ್ದು ಕರಗಿ, ಹಗುರವಾದ್ದರಿಂದ ಹಾಲಿನ ಕೆನೆಯಂತೆ ತೇಲುತ್ತದೆ. ಅದೇ ಸ್ಲ್ಯಾಗ್. ಮಳೆಗೆ ಭತ್ತದ ರಾಶಿಯ ಮೇಲೆ ತಾಡಪಾಲು ಹೊದಿಸುತ್ತೀರಲ್ಲ, ಹಾಗೆ ಬಿಸಿ ಲೋಹವನ್ನು ಕಾಯುತ್ತದೆ. ಲೇಪ ಒದ್ದೆಯಾದರೆ ನೀರು ಒಡೆದು ಹೈಡ್ರೋಜನ್ ಬೆಸುಗೆಗೆ ಸೇರುತ್ತದೆ. ತೂತು, ಬಿರುಕು ಎರಡೂ ಅದರಿಂದ ಬರುತ್ತವೆ. ಲೇಪ ಉದುರಿದ ರಾಡನ್ನು ಸುಮ್ನೆ ಬಿಸಾಕಿ.

ಮಿಗ್, ಟಿಗ್ ಎಂಬ ಬೇರೆ ಬಗೆಯ ವೆಲ್ಡಿಂಗ್‌ನಲ್ಲಿ ಈ ಕಾವಲು ಸಿಲಿಂಡರಿನ ಅನಿಲದಿಂದ ಬರುತ್ತದೆ. ಶಕ್ತಿನಗರದಂಥ ವಿದ್ಯುತ್ ಸ್ಥಾವರದ ಬಾಯ್ಲರ್ ಕೊಳವೆಗೆ ಬೇಕಾಗುವುದು ಆರ್ಗಾನ್ ಹಾಯಿಸುವ ಟಿಗ್.

ಜಾಯಿಂಟ್ ಬಗ್ಗೆ ಒಂದೇ ಮಾತು. ದಪ್ಪ ತಗಡನ್ನು ತುದಿಗೆ ತುದಿ ಸೇರಿಸುವಾಗ ಅಂಚನ್ನು 'ವಿ' ಆಕಾರಕ್ಕೆ ಉಜ್ಜಿಸಿ. ಇಲ್ಲದಿದ್ದರೆ ಬೆಸುಗೆ ಮೇಲಷ್ಟೇ ಕೂರುತ್ತದೆ. ನಮ್ಮ ಕೊಕ್ಕೆಯದು ಟಿ ಜಾಯಿಂಟ್, ಒಂದರ ಮೇಲೆ ಇನ್ನೊಂದು ನೆಟ್ಟಗೆ ನಿಂತದ್ದು. ಬೇರೆ ಅಂಗಡಿಯಲ್ಲಿ ತುಕ್ಕು, ಬಣ್ಣ ಉಜ್ಜಿ, ಒಣ ರಾಡಿನಿಂದ ಎರಡೂ ಬದಿ ಹಾಕಿಸಿದೆ. ಆರಿದ ಮೇಲೆ ಸುತ್ತಿಗೆಯಿಂದ ತಟ್ಟಿದೆ. ಸ್ಲ್ಯಾಗ್ ಉದ್ದಕ್ಕೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಕೆಳಗೆ ಒಂದೂ ತೂತಿರಲಿಲ್ಲ.