ಹೆದ್ದಾರಿ ದಾಟುವ ಕಾಡು: ಬ್ಯಾನ್ಫ್, ಪೆಂಚ್ ಮತ್ತು ಬಂಡೀಪುರ

ಬೆಂಗಳೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವವರು ದಿನವೂ ಓಡಾಡುವ ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿ 44ರ ಒಂದು ತುಂಡು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ಈ ರಸ್ತೆಯಲ್ಲೇ ಉತ್ತರಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ, ನಾಗಪುರ ದಾಟಿದರೆ ಪೆಂಚ್ ಹುಲಿ ಕಾಡು ಸಿಗುತ್ತದೆ. ಅಲ್ಲಿ ರಸ್ತೆ ಅಲ್ಲಲ್ಲಿ ಕಂಬಗಳ ಮೇಲೇರುತ್ತದೆ. ಕೆಲವು ಕಡೆ ಕೆಳಗೆ ಹೊಳೆಯೂ ಇಲ್ಲ, ರೈಲು ಹಳಿಯೂ ಇಲ್ಲ, ಬರೀ ಕಾಡು. ಮೇಲೆ ಲಾರಿಗಳು ಹೋಗುತ್ತಿರುವಾಗಲೇ ಕೆಳಗೆ ಜಿಂಕೆ ಹಿಂಡು ಆಚೆಗೆ ದಾಟುತ್ತದೆ.

ಪೆಂಚ್‌ನಲ್ಲಿ ಆದದ್ದು ಬಂಡೀಪುರದಲ್ಲಿ ಯಾಕಾಗಬಾರದು ಎಂಬ ಪ್ರಶ್ನೆ ಕೆಲವು ವರ್ಷಗಳಿಗೊಮ್ಮೆ, ಹೆಚ್ಚಾಗಿ ಕೇರಳದ ವಯನಾಡಿನ ಕಡೆಯಿಂದ, ಏಳುತ್ತಲೇ ಇರುತ್ತದೆ. ಬಂಡೀಪುರದ ಕಾಡು ಹಾಯುವ ಹೆದ್ದಾರಿಯಲ್ಲಿ ರಾತ್ರಿ ವಾಹನ ಓಡಾಟಕ್ಕೆ ನಿಷೇಧವಿದೆ; ಫ್ಲೈಓವರ್ ಕಟ್ಟಿ, ರಾತ್ರಿಯೂ ಗೇಟು ತೆರೆಯಿರಿ ಎನ್ನುವುದು ಬೇಡಿಕೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಪ್ರಾಣಿಗಳಿಗಾಗಿ ಸೇತುವೆ ಕಟ್ಟುವ ಕೆಲಸ ಎಲ್ಲಿ ಶುರುವಾಯಿತು, ಯಾವ ಕಾರಣಕ್ಕೆ ಫಲ ಕೊಟ್ಟಿತು ಎಂದು ನೋಡಿದರೆ ಉತ್ತರ ಅಷ್ಟು ಸಲೀಸಲ್ಲ.

ಫ್ರಾನ್ಸ್‌ನಲ್ಲಿ 1950ರ ದಶಕದಲ್ಲೇ ಇಂಥ ಸೇತುವೆಗಳಿದ್ದವು. ಬೇಟೆಯ ಪ್ರಾಣಿಗಳು ಓಡಾಡಲಿ ಎಂಬುದು ಆಗಿನ ಉದ್ದೇಶ. ನೆದರ್ಲೆಂಡ್ಸ್ 1988ರಲ್ಲಿ ತನ್ನ ಮೊದಲ ಹಸಿರು ಸೇತುವೆಗಳನ್ನು ಕಟ್ಟಿತು. 2006ರಲ್ಲಿ ಅಲ್ಲೇ ತೆರೆದ ಸೇತುವೆಯೊಂದು 800 ಮೀಟರ್ ಉದ್ದವಿದ್ದು, ರಸ್ತೆ, ರೈಲು ಹಳಿಗಳ ಜೊತೆಗೆ ಒಂದು ಕ್ರೀಡಾಂಗಣದ ಪ್ರದೇಶವನ್ನೂ ಹಾಯುತ್ತದೆ. ಇಷ್ಟಾದರೂ ಜಗತ್ತು ಪಾಠ ಕಲಿತದ್ದು ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಿಂದ.

ಟ್ರಾನ್ಸ್-ಕೆನಡಾ ಹೆದ್ದಾರಿ ಬ್ಯಾನ್ಫ್ ಕಣಿವೆಯನ್ನು ಸೀಳಿಕೊಂಡು ಹೋಗುತ್ತದೆ. 1980ರ ದಶಕದ ಆರಂಭದಲ್ಲಿ ಅದನ್ನು ಹಂತ ಹಂತವಾಗಿ ಚತುಷ್ಪಥ ಮಾಡಲು ಹೊರಟಾಗ ಎಲ್ಕ್ ಎಂಬ ದೊಡ್ಡ ಜಿಂಕೆಗಳು ವಾಹನಗಳಿಗೆ ಸಿಕ್ಕಿ ಸಾಯುವುದು ದೊಡ್ಡ ತಲೆನೋವಾಗಿತ್ತು. ಅಲ್ಲಿನವರು ಸೇತುವೆಗಿಂತ ಮೊದಲು ಯೋಚಿಸಿದ್ದು ಬೇಲಿಯನ್ನು. ರಸ್ತೆಯ ಎರಡೂ ಬದಿಗೆ 2.4 ಮೀಟರ್ ಎತ್ತರದ ತಂತಿ ಬೇಲಿ ಬಂತು. ಬುಡ ಬಗೆದು ನುಸುಳುವ ಪ್ರಾಣಿಗಳಿಗಾಗಿ ಹೊಸ ಭಾಗಗಳಲ್ಲಿ ಬೇಲಿಯ ಜಾಲರಿಯನ್ನು ಮಣ್ಣಿನೊಳಕ್ಕೂ ಇಳಿಸಿದರು. ಬೇಲಿ ಹಾಕಿದ ಮೇಲೆ ದಾಟಲು ದಾರಿ ಬೇಕಲ್ಲ? ಅದಕ್ಕೆ ಮೊದಲು ಅಂಡರ್‌ಪಾಸ್‌ಗಳು, ಆಮೇಲೆ 1990ರ ದಶಕದ ಕೊನೆಯ ಹೊತ್ತಿಗೆ 50 ಮೀಟರ್ ಅಗಲದ, ಮಣ್ಣು ಹಾಕಿ ಗಿಡ ಬೆಳೆಸಿದ ಎರಡು ಮೇಲ್ಸೇತುವೆಗಳು ಬಂದವು. ಈಗ ಅಲ್ಲಿ 6 ಮೇಲ್ಸೇತುವೆ, 38 ಅಂಡರ್‌ಪಾಸ್ ಇವೆ.

ಆರಂಭದಲ್ಲಿ ಆಡಿಕೊಂಡವರು ಕಡಿಮೆಯಿರಲಿಲ್ಲ. ಕರಡಿ ಸೇತುವೆ ಹತ್ತುತ್ತದೆಯೇ, ದುಡ್ಡು ದಂಡ ಎಂದರು. ಟೋನಿ ಕ್ಲೆವೆಂಜರ್ ಎಂಬ ವಿಜ್ಞಾನಿ 1996ರಿಂದ ಹೆಜ್ಜೆ ಗುರುತು, ಕ್ಯಾಮೆರಾ ಹಿಡಿದು ಲೆಕ್ಕ ಇಡುತ್ತಾ ಬಂದರು. ಎಲ್ಕ್‌ಗಳು ಬೇಗ ಒಗ್ಗಿಕೊಂಡವು. ಗ್ರಿಜ್ಲಿ ಕರಡಿಗಳಿಗೆ ಹಲವು ವರ್ಷವೇ ಬೇಕಾಯಿತು. ಒಂದೊಂದು ಪ್ರಾಣಿಗೆ ಒಂದೊಂದು ರುಚಿ: ಗ್ರಿಜ್ಲಿ, ತೋಳ, ಎಲ್ಕ್‌ಗಳಿಗೆ ಆಕಾಶ ಕಾಣುವ ಅಗಲವಾದ ಸೇತುವೆ ಇಷ್ಟ; ಕಪ್ಪು ಕರಡಿ ಮತ್ತು ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳಿಗೆ ಇಕ್ಕಟ್ಟಾದ ಅಂಡರ್‌ಪಾಸೇ ಸೈ. ಒಂದೇ ನಮೂನೆಯ ಸೇತುವೆ ಎಲ್ಲಕ್ಕೂ ಆಗದು ಎಂದು ಗೊತ್ತಾದದ್ದು ಹೀಗೆ. ಆ ಭಾಗದಲ್ಲಿ ವಾಹನಕ್ಕೆ ಡಿಕ್ಕಿಯಾಗಿ ಸಾಯುವ ಪ್ರಾಣಿಗಳ ಸಂಖ್ಯೆ ಶೇ 80ಕ್ಕೂ ಹೆಚ್ಚು ಇಳಿಯಿತು.

ನನಗೆ ಬ್ಯಾನ್ಫ್‌ನಲ್ಲಿ ಹೆಚ್ಚು ಹಿಡಿಸಿದ್ದು ಈ ಅಂಕಿಯಲ್ಲ. ಸಂಶೋಧಕರು ಪ್ರಾಣಿಗಳು ದಾಟುವ ಕಡೆ ಅಡ್ಡಲಾಗಿ ಮುಳ್ಳುತಂತಿ ಎಳೆದರು. ಕರಡಿ ನುಸುಳುವಾಗ ಮುಳ್ಳಿಗೆ ನಾಲ್ಕು ಕೂದಲು ಸಿಕ್ಕಿಕೊಳ್ಳುತ್ತದೆ, ಕರಡಿಗೆ ಗೊತ್ತೂ ಆಗುವುದಿಲ್ಲ. ಆ ಕೂದಲಿನ ಡಿಎನ್‌ಎಯನ್ನು ಸುತ್ತಲಿನ ಕಾಡಿನ ಕರಡಿಗಳ ಡಿಎನ್‌ಎ ಜೊತೆ ತಾಳೆ ನೋಡಿದಾಗ, ರಸ್ತೆ ದಾಟಿ ಹೋದ ಕರಡಿಗಳು ಮರಿ ಹಾಕಿರುವುದೂ ತಿಳಿಯಿತು. ಡಿಕ್ಕಿಯಾಗಿ ಬಿದ್ದ ಪ್ರಾಣಿ ಎಲ್ಲರ ಕಣ್ಣಿಗೂ ಬೀಳುತ್ತದೆ. ರಸ್ತೆಯನ್ನು ನೋಡಿ ಹಿಂದಕ್ಕೆ ಹೋದ, ಆಚೆ ಬದಿಯಲ್ಲಿ ಎಂದೂ ಜೋಡಿ ಕಾಣದ ಪ್ರಾಣಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಲಾಸ್ ಏಂಜಲೀಸ್‌ನ ಪ್ಯೂಮಾಗಳ ಕಥೆ ಇದೇ. ಹೆದ್ದಾರಿಗಳ ನಡುವೆ ಸಿಕ್ಕಿಕೊಂಡು ಅಲ್ಲಿನ ಗುಡ್ಡಗಳಲ್ಲಿ ಹತ್ತಿರದ ರಕ್ತಸಂಬಂಧಿಗಳೇ ಕೂಡುವುದು ಹೆಚ್ಚಿ, ಬಾಲ ಸೊಟ್ಟಗಿರುವ ಪ್ಯೂಮಾಗಳು ಕಾಣಿಸಿಕೊಂಡವು. ಪಿ-22 ಎಂಬ ಗಂಡು ಪ್ಯೂಮಾ ಎರಡು ಹೆದ್ದಾರಿ ದಾಟಿ ನಗರದ ಉದ್ಯಾನ ಸೇರಿ, ಸುಮಾರು ಹತ್ತು ವರ್ಷ ಒಂಟಿಯಾಗಿಯೇ ಬದುಕಿ 2022ರ ಡಿಸೆಂಬರ್‌ನಲ್ಲಿ ಕೊನೆಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ದಿನಕ್ಕೆ 3 ಲಕ್ಷ ವಾಹನ ಓಡಾಡುವ ಹತ್ತು ಲೇನ್‌ನ ಹೆದ್ದಾರಿಯೊಂದರ ಮೇಲೆ ಪ್ರಾಣಿಗಳ ಸೇತುವೆಗೆ ಕೆಲಸ ಶುರುವಾಗಿತ್ತು.

ಪೆಂಚ್ ಕಥೆಗೆ ಬರೋಣ. ಈಗ ಎನ್‌ಎಚ್ 44 ಆಗಿರುವ ಹಳೆಯ ಎನ್‌ಎಚ್ 7ನ್ನು ಚತುಷ್ಪಥ ಮಾಡುವ ಯೋಜನೆ ಮಧ್ಯಪ್ರದೇಶದ ಸಿವನಿ ಮತ್ತು ನಾಗಪುರದ ನಡುವೆ ಬಂದು ನಿಂತಿತು. ಪೆಂಚ್‌ನಿಂದ ಕಾನ್ಹಾ ಎಂಬ ಇನ್ನೊಂದು ಹುಲಿ ಕಾಡಿಗೆ ಹುಲಿಗಳು ಓಡಾಡುವ ದಾರಿ ಇದು. ಅರಣ್ಯ ಅನುಮತಿ, ವನ್ಯಜೀವಿ ಸಂಘಟನೆಗಳ ಆಕ್ಷೇಪ, ಹೈಕೋರ್ಟ್, ಹಸಿರು ನ್ಯಾಯಮಂಡಳಿ ಎಂದು ವರ್ಷಗಳು ಕಳೆದವು. ಇದ್ದ ರಸ್ತೆ ಗುಂಡಿ ಬಿದ್ದು ಹಾಳಾಯಿತು. ಎತ್ತರದ, ಉದ್ದದ ಅಂಡರ್‌ಪಾಸ್ ಬೇಕೆಂದು ಭಾರತೀಯ ವನ್ಯಜೀವಿ ಸಂಸ್ಥೆ ಹೇಳಿತು. ಖರ್ಚು ಜಾಸ್ತಿಯಾಯಿತೆಂದು ಹೆದ್ದಾರಿ ಪ್ರಾಧಿಕಾರ ತಕರಾರು ತೆಗೆಯಿತು. ಕೊನೆಗೆ ಮಹಾರಾಷ್ಟ್ರದ ಬದಿಯಲ್ಲಿ 50 ಮೀಟರ್‌ನಿಂದ 750 ಮೀಟರ್ ಉದ್ದದವರೆಗಿನ ಒಂಬತ್ತು ದಾಟುದಾರಿಗಳು ಸಿದ್ಧವಾದವು. ಮಧ್ಯಪ್ರದೇಶದ ಬದಿಯಲ್ಲಿ ಅಂಡರ್‌ಪಾಸ್‌ಗಳ ಜೊತೆಗೆ, ಹೆಡ್‌ಲೈಟ್ ಬೆಳಕು ಮತ್ತು ಸದ್ದು ಕಾಡಿಗೆ ಹೋಗದಂತೆ ರಸ್ತೆಯಂಚಿಗೆ ಆಳೆತ್ತರ ಮೀರಿದ ತಡೆಗೋಡೆಗಳನ್ನೂ ನಿಲ್ಲಿಸಿದರು.

2019ರಲ್ಲಿ ವನ್ಯಜೀವಿ ಸಂಸ್ಥೆ ಮಹಾರಾಷ್ಟ್ರದ ಆ ಒಂಬತ್ತು ಕಡೆ ಕ್ಯಾಮೆರಾ ಇಟ್ಟು ನೋಡಿತು. 18 ಬಗೆಯ ಕಾಡುಪ್ರಾಣಿಗಳು ಸಿಕ್ಕವು. ಹೆಚ್ಚು ಬಂದದ್ದು ಜಿಂಕೆ. ಸೀಳುನಾಯಿ, ಕಾಡುಹಂದಿಗಳೂ ಬಂದವು. 11 ಹುಲಿಗಳು ಒಟ್ಟು 89 ಸಲ ಕೆಳಗಿನಿಂದ ದಾಟಿದ್ದವು. ಅಂಡರ್‌ಪಾಸ್‌ನಲ್ಲಿ ಹುಲಿ ಬಾರದು ಎಂದು ವಾದಿಸಿದವರ ಬಾಯಿ ಕಟ್ಟಿತು, ಹೆದ್ದಾರಿ ಇಲಾಖೆಗೆ ಎಲ್ಲೆಲ್ಲೂ ತೋರಿಸಲು ಒಂದು ಚಿತ್ರ ಸಿಕ್ಕಿತು.

ಆ ಚಿತ್ರವನ್ನೇ ಬಂಡೀಪುರಕ್ಕೆ ಅಂಟಿಸಲು ಹೋದಾಗ ತೊಡಕು ಶುರು.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಈಗಿನ ಎನ್‌ಎಚ್ 766 ಬಂಡೀಪುರದೊಳಗೆ ಸುಮಾರು 20 ಕಿ.ಮೀ. ಹಾಯುತ್ತದೆ. ಊಟಿ ಕಡೆಗೆ ಹೋಗುವುದು ಇನ್ನೊಂದು ರಸ್ತೆ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿ ಆದೇಶ ಹೊರಡಿಸಿದರು. ಒತ್ತಡ ಬಂದು ಕೆಲವೇ ದಿನದಲ್ಲಿ ಆದೇಶ ವಾಪಸಾಯಿತು. ವಿಷಯ ಹೈಕೋರ್ಟ್‌ಗೆ ಹೋಗಿ, ಜುಲೈನಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. 2010ರ ಮಾರ್ಚ್‌ನಲ್ಲಿ ಅಂತಿಮ ತೀರ್ಪು ಅದನ್ನೇ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗೆ ವಿನಾಯಿತಿ ಇದೆ. ಉಳಿದವರು ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ಬೆಳಗಾಗುವುದನ್ನು ಕಾಯಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಸುತ್ತಿ ಹೋಗಬೇಕು.

ವಯನಾಡಿನವರ ಸಂಕಟ ಸುಳ್ಳಲ್ಲ. ಗುಂಡ್ಲುಪೇಟೆಯ ತರಕಾರಿ ಅಲ್ಲಿನ ಮಾರುಕಟ್ಟೆಗೆ ಹೋಗುವುದು ಈ ದಾರಿಯಲ್ಲಿ. ನಮ್ಮ ಜಿಲ್ಲೆಗಳಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ವಯನಾಡಿನ ರೈತರೂ ಇದನ್ನೇ ನೆಚ್ಚಿದ್ದಾರೆ. 2019ರಲ್ಲಿ ಹಗಲೂ ರಸ್ತೆ ಮುಚ್ಚಬಹುದೆಂಬ ಸುದ್ದಿ ಹಬ್ಬಿದಾಗ ಸುಲ್ತಾನ್ ಬತ್ತೇರಿಯಲ್ಲಿ ಜನ ಉಪವಾಸ ಕೂತರು. ಆಗ ಅಲ್ಲಿನ ಸಂಸದರಾಗಿದ್ದ ರಾಹುಲ್ ಗಾಂಧಿ ಬಂದು ಅವರನ್ನು ಕಂಡರು.

ಅದಕ್ಕೂ ಮುಂಚೆ, 2018ರಲ್ಲಿ, ಕೇಂದ್ರ ಹೆದ್ದಾರಿ ಸಚಿವಾಲಯ ಒಂದು ರಾಜಿಸೂತ್ರ ಮುಂದಿಟ್ಟಿತ್ತು. ಕಾಡಿನೊಳಗೆ ತಲಾ ಸುಮಾರು ಒಂದು ಕಿ.ಮೀ. ಉದ್ದದ ಕೆಲವು ಫ್ಲೈಓವರ್, ಮಿಕ್ಕ ಕಡೆ ರಸ್ತೆಯ ಎರಡೂ ಬದಿಗೆ ಉಕ್ಕಿನ ಬೇಲಿ. ಖರ್ಚು ನಾನೂರು ಕೋಟಿ ರೂಪಾಯಿಗೂ ಮೀರುತ್ತಿತ್ತು. ಕರ್ನಾಟಕ ಒಪ್ಪಲಿಲ್ಲ.

ಒಪ್ಪದ್ದು ಸರಿಯೇ ಎಂದು ನಾನು ಹೇಳುತ್ತೇನೆ, ಕಾರಣ ಇದೇ ಬೇಲಿ. ಬೇಲಿ ಇಲ್ಲದ ಸೇತುವೆ ಪ್ರಾಣಿಯನ್ನು ಕರೆಯುವುದಿಲ್ಲ ಎಂಬುದು ಬ್ಯಾನ್ಫ್‌ನ ಮೊದಲ ಪಾಠ. ಪೆಂಚ್ ಹೆದ್ದಾರಿ ಹಗಲು ರಾತ್ರಿ ನಿಲ್ಲದ ದೇಶದ ಬೆನ್ನೆಲುಬಿನ ರಸ್ತೆ. ಅದನ್ನು ರಾತ್ರಿ ಮುಚ್ಚುವ ಮಾತೇ ಇಲ್ಲ, ಅಗಲ ಮಾಡುವುದೂ ತಪ್ಪಲಿಲ್ಲ. ಹಾಗಾಗಿ ಅಂಡರ್‌ಪಾಸ್ ಅಲ್ಲಿ ಕಾಡಿಗೆ ಮಾಡಿದ ಹಾನಿಗೆ ದಂಡ ತೆತ್ತಂತೆ. ಬಂಡೀಪುರದ ರಸ್ತೆ ಈಗಲೂ ಎರಡೇ ಲೇನ್, ಹೆಜ್ಜೆ ಹೆಜ್ಜೆಗೆ ಹಂಪ್ಸ್. ರಾತ್ರಿ ಒಂಬತ್ತಾದ ಮೇಲೆ ಆ ಇಪ್ಪತ್ತು ಕಿ.ಮೀ.ನಲ್ಲಿ ಆನೆ, ಕಾಟಿ, ಹುಲಿ ಯಾವ ಕಡೆ ಬೇಕಾದರೂ ದಾಟುತ್ತವೆ. ಫ್ಲೈಓವರ್ ಬಂದರೆ ದಾಟಲು ಕೆಲವೇ ಕಿ.ಮೀ. ಉಳಿದು, ಮಿಕ್ಕ ಕಾಡಿನ ನಡುವೆ ಉಕ್ಕಿನ ಗೋಡೆ ಏಳುತ್ತದೆ. ಆನೆಗೂ ಬೇಲಿಗೂ ನಮ್ಮಲ್ಲಿ ಎಂಥ ನಂಟು ಎನ್ನುವುದು ಗೊತ್ತಿರುವುದೇ: 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ರೈಲು ಕಂಬಿಯ ತಡೆಬೇಲಿ ಹತ್ತಿಳಿಯಲು ಹೋದ ಸಲಗ ಅದರಲ್ಲೇ ಸಿಕ್ಕಿ ಸತ್ತಿತು. ಮೇಲಾಗಿ ಫ್ಲೈಓವರ್ ಕಟ್ಟಿ ಮುಗಿಸುವವರೆಗೆ ವರ್ಷಗಟ್ಟಲೆ ಹುಲಿ ಕಾಡಿನ ನಡುವೆ ಜೆಸಿಬಿ, ಕ್ರೇನು, ಜಲ್ಲಿ ಲಾರಿಗಳು ಓಡಾಡಬೇಕು.

ರಸ್ತೆ ಸುಮ್ಮನಾದರೆ ಪ್ರಾಣಿ ಬರುತ್ತದೆ ಎನ್ನುವುದಕ್ಕೆ ಪಕ್ಕದ ನಾಗರಹೊಳೆಯಲ್ಲೇ ಪುರಾವೆ ಇದೆ. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಇಲ್ಲ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ನಾಗರಹೊಳೆಯಲ್ಲಿ ವಾಹನ ಓಡಾಡುವ ಮತ್ತು ಓಡಾಟ ನಿಂತ ರಸ್ತೆ ಭಾಗಗಳನ್ನು ಹೋಲಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಜಿಂಕೆ, ಕಾಟಿ, ಆನೆ ಹೆಚ್ಚಾಗಿ ಕಂಡದ್ದು ಓಡಾಟ ನಿಂತ ಭಾಗದಲ್ಲೇ.

ಇದರರ್ಥ ಕರ್ನಾಟಕಕ್ಕೆ ದಾಟುಸೇತುವೆಗಳೇ ಬೇಡ ಎಂದಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ನಡುವೆ, ಮೈಸೂರಿನಲ್ಲಿ ಕೇಂದ್ರವಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರಣ್ಯ ಇಲಾಖೆಯ ಜೊತೆ ಸೇರಿ ರಸ್ತೆಯ ಎರಡು ಬದಿಯ ಮರಗಳಿಗೆ ತೂಗುಸೇತುವೆ ಕಟ್ಟಿದ್ದಾರೆ. ಸಿಂಗಳೀಕಗಳು ಅದರ ಮೇಲೆ ಸಾಲಾಗಿ ಹೋಗುತ್ತವೆ. ಪಶ್ಚಿಮ ಘಟ್ಟದ ನಮ್ಮ ಘಾಟಿ ರಸ್ತೆಗಳಲ್ಲಿ, ಮರದ ನೆತ್ತಿಗಳು ಕೂಡುವುದು ತಪ್ಪಿದ ಕಡೆಗಳಿಗೆ ಇಂಥವು ಹೊಂದುತ್ತವೆ. ರಾತ್ರಿ ಮುಚ್ಚಲಾಗದ, ಅಗಲವಾಗುತ್ತಲೇ ಇರುವ ಘಾಟಿ ಹೆದ್ದಾರಿಗಳಿಗೆ ಪೆಂಚ್ ಮಾದರಿಯ ದೊಡ್ಡ ದಾಟುದಾರಿಗಳೇ ಬೇಕು. ಅದೂ ನೀಲನಕ್ಷೆ ಕಾಗದದ ಮೇಲಿರುವಾಗಲೇ ಕೇಳಬೇಕು. ರಸ್ತೆ ಮುಗಿದ ಮೇಲೆ ಅಗೆದು ಕಟ್ಟಲು ಯಾವ ಇಲಾಖೆಯೂ ದುಡ್ಡು ಬಿಚ್ಚುವುದಿಲ್ಲ.