ಕ್ಷೌರದ ಕತ್ತಿಗೆ ಕಡಲ ತಳದ ಕೆಸರು

ಜಪಾನಿನ ಕ್ಯೋಟೊ ನಗರದ ವಾಯವ್ಯಕ್ಕೆ ಅಟಾಗೊ ಎಂಬ ಬೆಟ್ಟವಿದೆ. ಅದರ ಆಸುಪಾಸಿನ ನರುತಕಿ, ನಕಯಾಮ, ಒಝುಕು ಮುಂತಾದ ಕಡೆಗಳಲ್ಲಿ ನೂರಾರು ವರ್ಷ ಮಸೆಗಲ್ಲು ತೆಗೆದಿದ್ದಾರೆ. ಸಮುರಾಯ್ ಕತ್ತಿಗೆ ಹೊಳಪು ಕೊಡುವವರು, ಬಡಗಿಗಳು, ಅಡುಗೆಯವರು, ಕ್ಷೌರಿಕರು, ಎಲ್ಲರಿಗೂ ಇಲ್ಲಿನ ಕಲ್ಲು ಬೇಕಿತ್ತು. ನೋಡಲು ಬೂದು, ಹಳದಿ ಅಥವಾ ಹಸಿರು ಛಾಯೆಯ ಸಾದಾ ಕಲ್ಲು. ಆದರೆ ಒಳ್ಳೆಯದೊಂದು ತುಂಡಿಗೆ ಈಗ ಹತ್ತಾರು ಸಾವಿರ ರೂಪಾಯಿ ಕೊಡುವವರಿದ್ದಾರೆ. ಅಂಥದ್ದೇನಿದೆ ಇದರಲ್ಲಿ?

ಉತ್ತರಕ್ಕೆ ಸುಮಾರು 25 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಆಗ ಭೂಮಿಯ ಬಹುಭಾಗವನ್ನು ಪ್ಯಾಂಥಲಾಸಾ ಎಂಬ ಮಹಾಸಾಗರ ಆವರಿಸಿತ್ತು. ಅದರಲ್ಲಿ ರೇಡಿಯೊಲೇರಿಯ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ತುಂಬಿದ್ದವು. ಇವುಗಳ ಕವಚ ಸಿಲಿಕಾದ್ದು. ಸತ್ತಾಗ ಕವಚಗಳು ತಳಕ್ಕೆ ಇಳಿದು, ಒತ್ತಿ ಗಟ್ಟಿಯಾಗಿ, ಚರ್ಟ್ ಎಂಬ ಗಾಜಿನಂಥ ಕಲ್ಲಾಗುತ್ತಿದ್ದವು. ಪರ್ಮಿಯನ್ ಯುಗದ ಕೊನೆಗೆ ಭೂಮಿ ಕಂಡ ಅತಿ ದೊಡ್ಡ ಜೀವನಾಶ ನಡೆಯಿತು. ರೇಡಿಯೊಲೇರಿಯಗಳೂ ಹೆಚ್ಚುಕಡಿಮೆ ಅಳಿದುಹೋದವು. ಆಮೇಲೆ ಲಕ್ಷಾಂತರ ವರ್ಷ ಆಳದ ಕಡಲಲ್ಲಿ ಚರ್ಟ್ ಸರಿಯಾಗಿ ಕೂಡಲೇ ಇಲ್ಲ. ಮೇಲಿಂದ ಬೀಳುತ್ತಿದ್ದದ್ದು ನಯವಾದ ಜೇಡಿ ಮತ್ತು ಬೆಣಚುಕಲ್ಲಿನ ಅತಿ ಸಣ್ಣ ಕಣ. ಅದೂ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್. ದಡದಿಂದ ಬಲು ದೂರದ ಜಾಗವಾದ್ದರಿಂದ ದಪ್ಪ ಮರಳು ಅಲ್ಲಿಗೆ ತಲುಪುವ ಮಾತೇ ಇರಲಿಲ್ಲ.

ಆ ಕೆಸರೇ ಕ್ಯೋಟೊದ ಮಸೆಗಲ್ಲು. ಕಡಲ ತಳದ ಫಲಕ ನಿಧಾನಕ್ಕೆ ಸರಿಯುತ್ತ ಬಂದು ಜುರಾಸಿಕ್ ಕಾಲದಲ್ಲಿ ಏಷ್ಯಾದ ಅಂಚಿಗೆ ತಾಗಿತು. ಫಲಕ ಕೆಳಗೆ ನುಗ್ಗುವಾಗ ಮೇಲಿನ ಪದರ ಕೆರೆದು ಅಂಚಿಗೆ ಅಂಟಿಕೊಂಡಿತು. ಭೂವಿಜ್ಞಾನಿಗಳು ಈ ಪದರವನ್ನು ‘ಟೊಯಿಶಿ ಮಾದರಿ’ಯ ಶಿಲೆ, ಅಂದರೆ ಮಸೆಗಲ್ಲು ಮಾದರಿಯ ಶಿಲೆ ಎಂದೇ ಕರೆಯುತ್ತಾರೆ. 1997ರಲ್ಲಿ ಯುಕಿಯೊ ಇಸೊಝಾಕಿ ಎಂಬ ವಿಜ್ಞಾನಿ ಜಪಾನಿನ ಇಂಥ ಆಳಗಡಲಿನ ಪದರಗಳನ್ನು ಓದಿ, ಆ ಕಾಲದ ಸಾಗರದ ಆಳದಲ್ಲಿ ಬಹುಕಾಲ ಆಮ್ಲಜನಕವೇ ಇರಲಿಲ್ಲ ಎಂದು ವಾದಿಸಿದರು. ಗಡ್ಡ ಕೆರೆಯುವ ಕಸುಬಿಗೂ ಭೂಮಿಯ ಅತಿ ಕೆಟ್ಟ ಕಾಲಕ್ಕೂ ಹೀಗೊಂದು ನಂಟು.

ಈಗ ಕತ್ತಿಯ ಕಡೆ ಬರೋಣ. ಕ್ಷೌರದ ಕತ್ತಿ ಮಸೆಯುವಾಗ ಕೋನದ ಚಿಂತೆಯಿಲ್ಲ. ಕತ್ತಿಯ ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿನ ಮೇಲೆ ಮಲಗಿಸಿ ಎಳೆದರಾಯಿತು. ಬೆನ್ನಿನ ದಪ್ಪವೇ ಕೋನವನ್ನು ತೀರ್ಮಾನಿಸುತ್ತದೆ. 19 ಮಿಲಿಮೀಟರ್ ಅಗಲ, 5.3 ಮಿಲಿಮೀಟರ್ ದಪ್ಪದ ಬೆನ್ನು ಇದ್ದರೆ ಎರಡೂ ಬದಿ ಸೇರಿ ಸುಮಾರು 16 ಡಿಗ್ರಿ. ಅಡುಗೆಮನೆಯ ಚಾಕು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಕೋನದ್ದು.

ಚೆನ್ನಾಗಿ ಮಸೆದ ಕತ್ತಿಯ ತುದಿಯ ದಪ್ಪ ಸುಮಾರು 0.1 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕೃತಕ ಕಲ್ಲಿನ ನಂಬರು ಹೆಚ್ಚಿದಷ್ಟೂ ಕಣ ಸಣ್ಣದು, ಆದರೂ 8000 ನಂಬರಿನ ಕಲ್ಲಿನ ಕಣವೇ 1.2 ಮೈಕ್ರಾನ್ ಇರುತ್ತದೆ. ಕಣ ತುದಿಗಿಂತ ಹತ್ತು ಪಟ್ಟು ದಪ್ಪ! ಅದು ಅಷ್ಟು ತೆಳುವಾದ ತುದಿಯನ್ನು ಮಾಡುವುದು ಹೇಗೆ? ಇಲ್ಲಿ ಲೆಕ್ಕಕ್ಕೆ ಬರುವುದು ಕಣದ ಗಾತ್ರ ಅಲ್ಲ, ಅದು ಎಬ್ಬಿಸುವ ಗೀರಿನ ಆಳ. ಗಟ್ಟಿಯಾಗಿ ಹಿಡಿದು ಕೂರಿಸಿದ ಚೂಪಾದ ಕಣ ಉಕ್ಕನ್ನು ಆಳಕ್ಕೆ ಉಳುತ್ತದೆ. ಮೆತ್ತನೆಯ ಹಾಸಿನಲ್ಲಿ ಕೂತ ಕಣ ಒತ್ತಡ ಬಿದ್ದರೆ ಸ್ವಲ್ಪ ಹಿಂದೆ ಸರಿಯುತ್ತದೆ, ಇಲ್ಲವೇ ಕಿತ್ತು ಉರುಳುತ್ತದೆ. ಗೀರು ಮೇಲುಮೇಲಕ್ಕೇ ನಿಲ್ಲುತ್ತದೆ.

ಕ್ಯೋಟೊ ಕಲ್ಲಿನ ಗುಟ್ಟು ಇದೇ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಕಣ 7. ಹದ ಮಾಡಿದ ಉಕ್ಕಿಗಿಂತ ತುಸು ಗಟ್ಟಿ, ಅಷ್ಟೇ. ಕೃತಕ ಕಲ್ಲಿನ ಅಲ್ಯುಮಿನಿಯಂ ಆಕ್ಸೈಡ್ 9. ಬೆಣಚಿನ ಸುತ್ತ ಇರುವುದು ಕಾಗೆಬಂಗಾರದ ಜಾತಿಯ ಸೆರಿಸೈಟ್, ಮೆತ್ತಗಿನ ಖನಿಜ. ಬರೀ ಚರ್ಟ್ ಆಗಿದ್ದರೆ ಕಣ ಬಿಟ್ಟುಕೊಡದೆ ಕತ್ತಿ ಗಾಜಿನ ಮೇಲೆ ಜಾರಿದಂತೆ ಜಾರುತ್ತಿತ್ತು. ಬರೀ ಜೇಡಿಯಾಗಿದ್ದರೆ ಉಕ್ಕು ಸವೆಯುತ್ತಲೇ ಇರಲಿಲ್ಲ. ಹಾಗಾಗಿ ‘ಈ ಕಲ್ಲು 30000 ನಂಬರಿಗೆ ಸಮ’ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಂಬರು ಕಣದ ಗಾತ್ರದ್ದು. ಇದರ ಗುಣ ಗಾತ್ರದಲ್ಲಿಲ್ಲ.

ಈ ಕಲ್ಲು ಕೊನೆಯ ಹಂತಕ್ಕೆ ಮಾತ್ರ, ಇದನ್ನು ಮರೆತರೆ ಕೈ ನೋವು ಗ್ಯಾರಂಟಿ. ಮೊಂಡು ಕತ್ತಿಯನ್ನು ಮೊದಲು 1000ದ ಕೃತಕ ಕಲ್ಲಿನ ಮೇಲೆ ಎಳೆದು, ಎರಡೂ ಬದಿ ತುದಿಯುದ್ದಕ್ಕೂ ಸರಿಯಾಗಿ ಕೂಡುವಂತೆ ಮಾಡಬೇಕು. ಆಮೇಲೆ 4000, 8000. ಅನಂತರ ಕ್ಯೋಟೊ ಕಲ್ಲು. ಇದಕ್ಕೆ ನೀರು ಚಿಮುಕಿಸಿ, ಅದೇ ಜಾತಿಯ ಒಂದು ಪುಟ್ಟ ತುಂಡಿನಿಂದ ಗಂಧ ತೇಯುವ ಹಾಗೆ ತೇಯುತ್ತಾರೆ. ಆ ತುಂಡಿಗೆ ತೊಮೊನಗುರ ಎಂದು ಹೆಸರು. ಹಾಲಿನಂಥ ರಾಡಿ ಏಳುತ್ತದೆ. ಕತ್ತಿಯ ಬಾಯಿ ಮುಂದಾಗಿ, ಕೈಯ ಭಾರವಷ್ಟೇ ಬೀಳುವಂತೆ ಎಳೆಯುತ್ತಾರೆ.

ರಾಡಿಯ ಕಣ ಒಡೆದು ಒಡೆದು ಇನ್ನೂ ಸಣ್ಣದಾಗುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಬೆಣಚಿನ ಕಣ ಇಷ್ಟು ಹಗುರ ಒತ್ತಡಕ್ಕೆ ಸುಮ್ನೆ ಒಡೆದುಬಿಡುತ್ತದೆಯೇ? ಒಡೆಯುವುದು ಜೇಡಿ ಮತ್ತು ಕಣ ಕೂಡಿಕೊಂಡ ಗಂಟುಗಳು ಎಂದು ನನ್ನ ಅನಿಸಿಕೆ. ಅದೇನೇ ಇರಲಿ, ರಾಡಿಯಿಂದ ಒಂದು ತೊಂದರೆಯಂತೂ ಇದೆ. ತೇಲುವ ಕಣಗಳು ಎದುರಿನಿಂದ ಬಂದು ತುದಿಗೇ ಬಡಿದು ಅದನ್ನು ಸ್ವಲ್ಪ ಗುಂಡಾಗಿಸುತ್ತವೆ. ಆದ್ದರಿಂದ ಬಲ್ಲವರು ನೀರು ಸೇರಿಸುತ್ತ ರಾಡಿಯನ್ನು ತೆಳುಮಾಡಿ, ಕೊನೆಯ ಎಳೆತಗಳನ್ನು ಬರೀ ನೀರಿನಲ್ಲಿ ಮುಗಿಸುತ್ತಾರೆ. ಕ್ಷೌರದ ಕತ್ತಿಗೆ ಗಟ್ಟಿ ಕಲ್ಲೇ ಬೇಕೆನ್ನುವುದೂ ಇದಕ್ಕೇ. ಮೆತ್ತನೆಯ ಕಲ್ಲು ತಾನಾಗಿಯೇ ರಾಡಿ ಬಿಡುತ್ತಾ ಇರುತ್ತದೆ. ಅದು ಅಡುಗೆ ಚಾಕುವಿಗೆ ಚೆನ್ನ.

ನಗುರ ಎಂಬ ಹೆಸರಿನ ಇನ್ನೊಂದು ಕಲ್ಲೂ ಇದೆ, ಐಚಿ ಪ್ರಾಂತ್ಯದ ಮಿಕವಾ ನಗುರ. ಇದರ ಹುಟ್ಟೇ ಬೇರೆ, ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಬಿಳಿ ಕಲ್ಲು. ಪದರಕ್ಕೊಂದು ಹೆಸರು: ಬೊಟಾನ್, ತೆಂಜೊ, ಮೆಜಿರೊ, ಕೊಮಾ. ಒಂದಕ್ಕಿಂತ ಒಂದು ನಯ. ಇವುಗಳ ರಾಡಿಯನ್ನು ಗಟ್ಟಿ ಕ್ಯೋಟೊ ಕಲ್ಲಿನ ಮೇಲೆ ಒಂದರ ನಂತರ ಒಂದು ಎಬ್ಬಿಸಿದರೆ ನಡುವಿನ ಹಂತಗಳನ್ನೂ ಅದೇ ಕಲ್ಲಿನ ಮೇಲೆ ದಾಟಬಹುದು.

ಪದರದ ಕಲ್ಲಾದ್ದರಿಂದ ನೀರು ಒಳಗೆ ಇಳಿದರೆ ಸೀಳುವ ಭಯವಿದೆ. ಅದಕ್ಕೆ ಬದಿಗಳಿಗೆ ಅರಗಿನಂಥ ಲೇಪ ಹಚ್ಚುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು ಉರುಶಿ ಮರದ ಸೊನೆ. ಈಗ ಅನೇಕರು ಬಳಸುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬಣ್ಣ, ಅಂದರೆ ಮಂಗಳೂರು ಕಡೆಯ ಗೇರು ಕಾರ್ಖಾನೆಗಳಲ್ಲೂ ಸಿಗುವ ಎಣ್ಣೆಯಿಂದ. ಉರುಶಿ, ಗೇರು, ಮಾವು ಮೂರೂ ಒಂದೇ ಕುಟುಂಬದ ಮರಗಳು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಆ ಕುಟುಂಬದ ಪರಿಚಯ ಇದೆ, ಅಲ್ವಾ?

ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿ. ಅಲ್ಲಿ ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಇಷ್ಟೆಲ್ಲ ಮಾಡಿದರೂ ಕತ್ತಿ ಮತ್ತೆ ಮೊಂಡಾಗುತ್ತದೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ, ಆದರೂ ಉಕ್ಕನ್ನು ಸೋಲಿಸುತ್ತದೆ. ಅಮೆರಿಕದ ಎಂಐಟಿಯ ತಂಡವೊಂದು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ನೋಡಿತು. ತುದಿ ಬರೀ ಸವೆಯುವುದಿಲ್ಲ, ಅಲ್ಲಲ್ಲಿ ಚೂರು ಹಾರುತ್ತದೆ. ಕೂದಲು ಓರೆಯಾಗಿ ಬಾಗಿ ಬಂದು, ಉಕ್ಕಿನೊಳಗೆ ಗಟ್ಟಿ ಭಾಗ ಮತ್ತು ಮೆತ್ತನೆ ಭಾಗ ಕೂಡುವಲ್ಲಿ ಒತ್ತಿದಾಗ ಹೀಗಾಗುತ್ತದಂತೆ. ಗಡ್ಡವನ್ನು ಬಿಸಿನೀರಿನಲ್ಲಿ ನೆನೆಸುವುದು ಬರೀ ಶೋಕಿ ಅಲ್ಲ. ನೆಂದ ಕೂದಲು ಇನ್ನಷ್ಟು ಮೆತ್ತಗಾಗುತ್ತದೆ.

ಕ್ಯೋಟೊದ ಗಣಿಗಳಲ್ಲಿ ಬಹುತೇಕ ಮುಚ್ಚಿವೆ. ಕೃತಕ ಕಲ್ಲು ಅಗ್ಗ, ಎಲ್ಲ ತುಂಡೂ ಒಂದೇ ಥರ. ಬ್ಲೇಡು ಬದಲಿಸುವ ಕತ್ತಿ ಬಂದ ಮೇಲೆ ಮಸೆಯುವ ಅಗತ್ಯವೇ ಕಡಿಮೆಯಾಯಿತು. ನಮ್ಮೂರ ಸಲೂನುಗಳಲ್ಲೂ ಈಗ ಅರ್ಧ ಬ್ಲೇಡಿನದೇ ಕಾರುಬಾರು. ವೆನೇಡಿಯಂ ಹಾಕಿದ ಹೊಸ ಉಕ್ಕುಗಳಿಗಂತೂ ಈ ಕಲ್ಲು ಸಾಲದು. ಅವುಗಳೊಳಗಿನ ಕಾರ್ಬೈಡ್ ಎಂಬ ಗಟ್ಟಿ ಕಣಗಳು ಬೆಣಚಿಗಿಂತ ಎಷ್ಟೋ ಗಟ್ಟಿ. ಸಾದಾ ಕಾರ್ಬನ್ ಉಕ್ಕಿನ ಕತ್ತಿಗೆ ಮಾತ್ರ ಇದು ಹೇಳಿ ಮಾಡಿಸಿದಂತಿದೆ.

ಮಾರುಕಟ್ಟೆಯಲ್ಲಿ ಸುತ್ತುತ್ತಿರುವುದು ಹೆಚ್ಚಾಗಿ ಹಳೆಯ ದಾಸ್ತಾನು. ಗಣಿಯ ಮುದ್ರೆ ನೋಡಿ ಬೆಲೆ ಏರಿಸುತ್ತಾರೆ, ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ಬಣ್ಣ ನೋಡಿಯೂ ಗುಣ ತಿಳಿಯುವುದಿಲ್ಲ. ಒಂದೇ ಗಣಿಯ ಎರಡು ತುಂಡು ಎರಡು ಥರ ಇರುತ್ತವೆ. ನೀರು ಹಾಕಿ ಕತ್ತಿ ಎಳೆದು ನೋಡಲು ಬಿಟ್ಟರೆ ಸರಿ. ಬರೀ ಫೋಟೊ ತೋರಿಸಿ ಮುದ್ರೆಗೆ ಬೆಲೆ ಹೇಳಿದರೆ ನಾನಂತೂ ಒಂದು 12000ದ ಕೃತಕ ಕಲ್ಲನ್ನೇ ಕೊಳ್ಳುತ್ತೇನೆ.