ಎರಡು ವಾರದ ಬೇಸಿಗೆ ಕೋರ್ಸಿನಲ್ಲಿ ದೈವಶಾಸ್ತ್ರ ಕಲಿಯಬಹುದಾ?

ಪ್ರಶ್ನೆ: ನಾನು ಕೆಲಸದಲ್ಲಿದ್ದೇನೆ. ಪಾಸ್ಟರ್ ಆಗುವ ಯೋಚನೆ ಇಲ್ಲ. ಆದರೆ ಬೈಬಲ್, ದೈವಶಾಸ್ತ್ರ, ಪ್ರಾರ್ಥನೆ ಇವನ್ನೆಲ್ಲ ಸರಿಯಾಗಿ ಓದಬೇಕು ಅಂತ ಆಸೆ. ಸೆಮಿನರಿಗಳ, ಅಂದರೆ ಪಾಸ್ಟರ್‌ಗಳನ್ನು ತಯಾರು ಮಾಡುವ ಕಾಲೇಜುಗಳ, ಬೇಸಿಗೆ ಕೋರ್ಸಿಗೆ ಸೇರಿದರೆ ಒಂದೆರಡು ವಾರದಲ್ಲಿ ಏನಾದರೂ ತಲೆಗೆ ಹತ್ತುತ್ತದಾ? ಅಥವಾ ಸುಮ್ನೆ ದುಡ್ಡು ದಂಡವಾ?

ಉತ್ತರ: ಖಂಡಿತ ಹತ್ತುತ್ತದೆ, ವಿಷಯ ಚಿಕ್ಕದಾಗಿದ್ದರೆ. ಒಂದು ಲೆಕ್ಕ ಹಾಕೋಣ. ದಿನಕ್ಕೆ ಮೂರು ಗಂಟೆ ಪಾಠ, ವಾರಕ್ಕೆ ಐದು ದಿನ ಅಂದುಕೊಳ್ಳಿ. ಎರಡು ವಾರಕ್ಕೆ 30 ಗಂಟೆ. ಕ್ರೈಸ್ತ ಸಭೆಯ (ಚರ್ಚಿನ) 2000 ವರ್ಷದ ಚರಿತ್ರೆಯನ್ನು ಅಷ್ಟರಲ್ಲಿ ಮುಗಿಸಬೇಕೆಂದರೆ ಗಂಟೆಗೆ 66 ವರ್ಷದಂತೆ ಓಡಬೇಕು. ಕೊನೆಗೆ ನಾಲ್ಕು ಹೆಸರು, ನಾಲ್ಕು ಇಸವಿ ಉಳಿದರೆ ಹೆಚ್ಚು. ಅದೇ 30 ಗಂಟೆ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಗೆ ಸಿಕ್ಕರೆ? ಅದರಲ್ಲಿರುವುದು 16 ಅಧ್ಯಾಯ. ಒಂದೊಂದಕ್ಕೂ ಹೆಚ್ಚುಕಡಿಮೆ ಎರಡು ಗಂಟೆ. ಭಾನುವಾರದ ಪ್ರಸಂಗದಲ್ಲಿ ಇಷ್ಟು ಪುರುಸೊತ್ತು ಎಲ್ಲಿ ಸಿಗಬೇಕು, ಅಲ್ವಾ?

ಪುರುಸೊತ್ತಿದ್ದರೆ ಏನಾಗುತ್ತದೆ ನೋಡಿ. ದೋಣಿಯಲ್ಲಿ ಹೋಗುವಾಗ ಯೇಸು ಬಿರುಗಾಳಿಯನ್ನು ಅಡಗಿಸಿದ ಕಥೆ ನಿಮಗೆ ಗೊತ್ತೇ ಇದೆ. ಮತ್ತಾಯ 8, ಮಾರ್ಕ 4, ಲೂಕ 8, ಮೂರು ಕಡೆ ಬರುತ್ತದೆ. ಒಳ್ಳೆಯ ಮೇಷ್ಟರು ಮೂರನ್ನೂ ಅಕ್ಕಪಕ್ಕ ಇಟ್ಟು ಓದಿಸುತ್ತಾರೆ. ಆಗ ಕಣ್ಣಿಗೆ ಬೀಳುತ್ತದೆ: ಆತನು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ ಅಂತ ಹೇಳುವವನು ಮಾರ್ಕ ಒಬ್ಬನೇ. ಜೊತೆಗೆ ಬೇರೆ ದೋಣಿಗಳೂ ಇದ್ದವು ಅನ್ನುವವನೂ ಅವನೇ. ಮತ್ತಾಯನಲ್ಲಿ ಶಿಷ್ಯರು ‘ಕಾಪಾಡು’ ಎಂದು ಬೇಡುತ್ತಾರೆ. ಮಾರ್ಕನಲ್ಲಿ ನಾವು ಸಾಯುತ್ತಿದ್ದರೂ ನಿನಗೆ ಏನೂ ಅನ್ನಿಸುವುದಿಲ್ಲವಾ ಎಂದು ದಬಾಯಿಸಿಯೇ ಬಿಡುತ್ತಾರೆ. ಯಾಕೆ ಹೀಗೆ? ಈ ಒಂದು ಪ್ರಶ್ನೆಗೇ ಒಂದು ಗಂಟೆ ಹೋಗುತ್ತದೆ. ಹೋಗಲಿ ಬಿಡಿ.

ಸಿದ್ಧಾಂತದ ತರಗತಿಗೆ ಹೋದರೆ ಇದೇ ದೋಣಿ ಬೇರೆ ಪ್ರಶ್ನೆ ಎತ್ತುತ್ತದೆ. ನಿದ್ದೆ ಹೋದವನೂ ಆತನೇ, ಕಡಲಿಗೆ ಸುಮ್ಮನಿರು ಎಂದವನೂ ಆತನೇ. ಹಾಗಾದರೆ ಯೇಸು ಯಾರು? 325ರಲ್ಲಿ ನಿಕಾಯಾದಲ್ಲಿ, 451ರಲ್ಲಿ ಕಾಲ್ಸೆಡಾನಿನಲ್ಲಿ ಬಿಷಪ್‌ಗಳು ಸೇರಿ ವಾದ ಮಾಡಿದ್ದು ಇಂಥ ಪ್ರಶ್ನೆಗಳಿಗಾಗಿಯೇ. ಆತನು ಪೂರ್ಣ ದೇವರು, ಪೂರ್ಣ ಮನುಷ್ಯ, ಆದರೂ ಒಬ್ಬನೇ ವ್ಯಕ್ತಿ ಎಂದು ಕಾಲ್ಸೆಡಾನಿನಲ್ಲಿ ಸೇರಿದ ಬಿಷಪ್‌ಗಳು ಹೇಳಿದರು. ದೋಣಿಯ ಕಥೆ ಮೊದಲೇ ತಲೆಯಲ್ಲಿದ್ದರೆ ಈ ಮಾತು ಒಣ ಸೂತ್ರ ಅನ್ನಿಸುವುದಿಲ್ಲ.

ಆಧ್ಯಾತ್ಮಿಕತೆಯ ಕೋರ್ಸಿನಲ್ಲಿ ನಿಮ್ಮನ್ನೇ ಆ ದೋಣಿಗೆ ಹತ್ತಿಸುತ್ತಾರೆ. ಜೆಸ್ವಿಟ್ ಪಾದ್ರಿಗಳ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಪ್ರಾರ್ಥನೆಯ ರೀತಿ ಇದು. ನೀರಿನ ಸದ್ದು ಕೇಳಿಸಿಕೊಳ್ಳಿ, ನೀವು ಎಲ್ಲಿ ಕೂತಿದ್ದೀರಿ ನೋಡಿ, ಆಮೇಲೆ ಯೇಸುವಿನ ಹತ್ತಿರ ಮಾತಾಡಿ. ಇಲ್ಲೊಂದು ಎಚ್ಚರಿಕೆ. 1548ರಲ್ಲಿ ಅಚ್ಚಾದ ಅವರ ಕೈಪಿಡಿಯ ಪ್ರಕಾರ ಪೂರ್ತಿ ಅಭ್ಯಾಸಕ್ಕೆ ಸುಮಾರು 30 ದಿನ ಬೇಕು. ಮನೆ, ಕೆಲಸ ಬಿಟ್ಟು ಬರಲಾಗದವರು ಅದನ್ನೇ ತಿಂಗಳುಗಟ್ಟಲೆ, ದಿನಕ್ಕಿಷ್ಟು ಅಂತ ಮಾಡುವ ದಾರಿಯೂ ಅದರಲ್ಲೇ ಇದೆ. ಒಂದು ವಾರದ ಕೋರ್ಸ್ ಅದರ ಪರಿಚಯ ಅಷ್ಟೇ. ರಿಟ್ರೀಟ್, ಅಂದರೆ ಮೌನವಾಗಿ ಪ್ರಾರ್ಥನೆಯಲ್ಲಿ ಕಳೆಯುವ ದಿನಗಳು, ಬೇಕೆಂದು ಕೋರ್ಸಿಗೆ ಸೇರಿದರೆ ನಿರಾಸೆಯಾಗುತ್ತದೆ, ಯಾಕೆಂದರೆ ಅಲ್ಲಿ ನೋಟ್ಸು, ಚರ್ಚೆಯೇ ಜಾಸ್ತಿ.

ಪಾಸ್ಟರ್ ಅಲ್ಲದವರಿಗೆ ಇಲ್ಲಿ ಏನು ಕೆಲಸ ಎಂಬ ಸಂಕೋಚ ಬೇಡ. 1874ರಲ್ಲಿ ಅಮೆರಿಕದ ಶಟಾಕ್ವಾ ಸರೋವರದ ದಡದಲ್ಲಿ ಶುರುವಾದ ಹೆಸರಾಂತ ಬೇಸಿಗೆ ಶಿಬಿರ ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಹೇಳುವ ಸಂಡೇ ಸ್ಕೂಲ್ ಶಿಕ್ಷಕರಿಗಾಗಿಯೇ ಇತ್ತು. ಕೆನಡಾದ ವ್ಯಾಂಕೂವರಿನ ರೀಜೆಂಟ್ ಕಾಲೇಜಂತೂ ಪಾಠ ಶುರು ಮಾಡಿದ್ದೇ 1969ರ ಬೇಸಿಗೆ ಶಾಲೆಯಿಂದ. ಬೇರೆ ಬೇರೆ ಉದ್ಯೋಗದಲ್ಲಿರುವ ಸಾಮಾನ್ಯ ವಿಶ್ವಾಸಿಗಳಿಗೂ ದೈವಶಾಸ್ತ್ರ ಬೇಕು ಅನ್ನುವುದು ಅವರ ಉದ್ದೇಶವಾಗಿತ್ತು.

ಇನ್ನು ಆಡಿಟ್ ಮಾಡುವುದೋ, ಕ್ರೆಡಿಟ್‌ಗೆ ಸೇರುವುದೋ? ಆಡಿಟ್ ಅಂದರೆ ಪಾಠ ಕೇಳುತ್ತೀರಿ, ಪರೀಕ್ಷೆ, ಪ್ರಬಂಧ ಇರುವುದಿಲ್ಲ, ಫೀಸೂ ಸಾಮಾನ್ಯವಾಗಿ ಕಡಿಮೆ. ಕ್ರೆಡಿಟ್ ಅಂದರೆ ಪರೀಕ್ಷೆ, ಪ್ರಬಂಧ ಮುಗಿಸಿ ಡಿಗ್ರಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಮೊದಲ ಸಲ ಹೋಗುವವರಿಗೆ ನನ್ನ ಓಟು ಆಡಿಟ್‌ಗೆ. ಮುಂದೆ ಡಿಗ್ರಿ ಮಾಡುವ ಅಂದಾಜಿದ್ದರೆ ಮಾತ್ರ ಕ್ರೆಡಿಟ್ ತೆಗೆದುಕೊಳ್ಳಿ. ಅದನ್ನು ಬೇರೆ ಸೆಮಿನರಿಯವರು ಒಪ್ಪುತ್ತಾರಾ ಅಂತ ದುಡ್ಡು ಕಟ್ಟುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ. ಗ್ರೀಕ್, ಹೀಬ್ರೂ ಭಾಷೆಯ ಬೇಸಿಗೆ ಕೋರ್ಸುಗಳ ಕಥೆಯೇ ಬೇರೆ. ದಿನಾ ಪದ, ವ್ಯಾಕರಣ ಬಾಯಿಪಾಠ ಮಾಡಬೇಕು. ಕೆಲಸದ ಜೊತೆ ಅದಕ್ಕೆ ಕೈ ಹಾಕಬೇಡಿ.

ಕಲಿಸುವವರು ಯಾವ ಸಭೆಯವರು ಅಂತಲೂ ನೋಡಿ. ಕಥೋಲಿಕರು, ಆರ್ಥೊಡಾಕ್ಸ್, ಪೆಂಟೆಕೋಸ್ಟಲ್, ಎಲ್ಲರೂ ಒಂದೇ ವಾಕ್ಯವನ್ನು ಒಂದೇ ರೀತಿ ಓದುವುದಿಲ್ಲ. ನಿಮ್ಮದಲ್ಲದ ಸಭೆಯ ಮೇಷ್ಟರ ಪಾಠ ಒಮ್ಮೆಯಾದರೂ ಕೇಳಿ. ಮೊದಲ ದಿನ ಕಿರಿಕಿರಿಯಾಗಬಹುದು. ಆದರೆ ಬೇರೆಯವರ ಬಗ್ಗೆ ಕೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಗಾಳಿಮಾತು ಅಂತ ಅಲ್ಲೇ ಗೊತ್ತಾಗುವುದು.

ಪಾಠ ಶುರುವಾಗುವ ಮುಂಚೆ ಓದಬೇಕಾದ ಪುಸ್ತಕಗಳ ಪಟ್ಟಿ ಕಳಿಸುತ್ತಾರೆ. ಅದನ್ನು ವಿಮಾನದಲ್ಲಿ ಓದಿದರಾಯಿತು ಅನ್ನಬೇಡಿ. ಕೋರ್ಸ್ ನಡೆಯುವಾಗ ಓದಲು ಸಮಯವೇ ಇರುವುದಿಲ್ಲ. ಕ್ರೆಡಿಟ್‌ಗೆ ಸೇರಿದ್ದರೆ ಪಾಠ ಮುಗಿದ ಮೇಲೂ ಪ್ರಬಂಧ ಬರೆದು ಕಳಿಸುವುದು ಬಾಕಿ ಇರುತ್ತದೆ. ಆಫೀಸಿನಲ್ಲಿ ರಜೆ ಕೇಳುವಾಗ ಅದಕ್ಕೂ ನಾಲ್ಕು ದಿನ ಸೇರಿಸಿಯೇ ಕೇಳಿ.